ಕಪಾಟಿನಲ್ಲಿ ಉಳಿದ 19 ಕೆಟ್ಟ ಹಾರ್ಡ್ ಡಿಸ್ಕ್‌ಗಳು: ಒಂದು ಪ್ರಕರಣ ಅಧ್ಯಯನ

ಒಂದು ಲೆಕ್ಕಪರಿಶೋಧನೆ ಕಚೇರಿ. ಸುಮಾರು 30 ಜನ ಸಿಬ್ಬಂದಿ. ಕಚೇರಿ ಬೇರೆ ಕಟ್ಟಡಕ್ಕೆ ಹೋಗುವುದಿತ್ತು. ಸರ್ವರ್ ಕೋಣೆಯ ಕಪಾಟು ಖಾಲಿ ಮಾಡುವಾಗ ಕೆಳಗಿನ ಅರೆಯಲ್ಲಿ 19 ಡಿಸ್ಕ್‌ಗಳು ಸಿಕ್ಕವು. ಹತ್ತು ವರ್ಷಗಳಲ್ಲಿ ಒಂದೊಂದಾಗಿ ಕೆಟ್ಟು ಅಲ್ಲಿಗೆ ಸೇರಿದವು. ಕೆಲವಕ್ಕೆ ಮಾರ್ಕರ್‌ನಲ್ಲಿ ‘ಬ್ಯಾಡ್’ ಎಂದು ಬರೆದಿತ್ತು, ಕೆಲವಕ್ಕೆ ತಾರೀಖು ಮಾತ್ರ, ಹೆಚ್ಚಿನವಕ್ಕೆ ಏನೂ ಇಲ್ಲ. ಬಿಸಾಡಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಇಟ್ಟುಕೊಂಡು ಏನು ಮಾಡಬೇಕೆಂದು ಯಾರೂ ಯೋಚಿಸಿರಲೂ ಇಲ್ಲ.

ನನ್ನನ್ನು ಕರೆಸುವ ಹೊತ್ತಿಗೆ ಮೂರು ಅಭಿಪ್ರಾಯ ತಯಾರಾಗಿದ್ದವು. ಹಿರಿಯ ಪಾಲುದಾರರದು ಹೀಗೆ: “ಹೇಗೂ ಕೆಟ್ಟಿವೆ. ಸಾಮಾನು ಸಾಗಿಸೋರು ಹಳೇ ಕಂಪ್ಯೂಟರ್‌ಗಳ ಜೊತೆ ಇವನ್ನೂ ತಗೊಂಡು ಹೋಗ್ತಾರಂತೆ, ಕೊಟ್ಟುಬಿಡೋಣ.” ಸಿಸ್ಟಮ್ ನೋಡಿಕೊಳ್ಳುವ ಹುಡುಗನದು ಇನ್ನೊಂದು: “ಸರ್, ಸುತ್ತಿಗೆ ತಗೊಂಡು ಒಂದೊಂದಕ್ಕೆ ನಾಲ್ಕು ಏಟು ಹಾಕಿದ್ರೆ ಮುಗೀತು.” ಖರೀದಿ ನೋಡುವವರು, ವಾರಂಟಿಯಲ್ಲಿ ಇರುವುದನ್ನು ವಾಪಸ್ ಕಳಿಸಿ ಹೊಸದು ತರಿಸೋಣ ಎಂದರು. ಮೂರರಲ್ಲೂ ಒಂದಿಷ್ಟು ಅರ್ಥವಿದೆ. ಆದರೆ ಯಾವುದೂ ಎಲ್ಲ 19ಕ್ಕೂ ಹೊಂದುವುದಿಲ್ಲ. ಅವುಗಳಲ್ಲಿ ಎಲ್ಲವೂ ಒಂದೇ ರೀತಿ ಕೆಟ್ಟಿರಲಿಲ್ಲ. ಕೆಲವು ಕೆಟ್ಟೇ ಇರಲಿಲ್ಲ.

ಮೊದಲು ಸಾಗಣೆಯವರ ವಿಷಯ ಇತ್ಯರ್ಥ ಮಾಡಬೇಕಿತ್ತು, ಯಾಕೆಂದರೆ ಲಾರಿ ಬರುವ ದಿನ ಹತ್ತಿರವಿತ್ತು. ಇದಕ್ಕೆ ನಾನು ಮಾರ್ಗನ್ ಸ್ಟಾನ್ಲಿ ಕಥೆಯನ್ನೇ ಹೇಳಿದೆ. ಈ ಅಮೆರಿಕನ್ ಹಣಕಾಸು ಸಂಸ್ಥೆ ತನ್ನ ಹಳೆಯ ಸರ್ವರ್ ಮತ್ತು ಸಾವಿರಾರು ಹಾರ್ಡ್ ಡಿಸ್ಕ್‌ಗಳನ್ನು ವಿಲೇವಾರಿ ಮಾಡುವ ಕೆಲಸವನ್ನು ಒಂದು ಸಾಗಣೆ ಕಂಪನಿಗೆ ಕೊಟ್ಟಿತ್ತು. ಡೇಟಾ ನಾಶ ಮಾಡುವ ಅನುಭವ ಆ ಕಂಪನಿಗೆ ಇರಲಿಲ್ಲ. ಅದು ಡಿಸ್ಕ್‌ಗಳನ್ನು ಬೇರೆಯವರಿಗೆ ಮಾರಿತು, ಅವು ಆನ್‌ಲೈನ್ ಹರಾಜಿಗೆ ಬಂದವು. 2017ರಲ್ಲಿ ಅಂಥ ಡಿಸ್ಕ್ ಕೊಂಡ ಒಬ್ಬ ಕಂಪ್ಯೂಟರ್ ಸಲಹೆಗಾರ, ನಿಮ್ಮ ಡೇಟಾ ನನಗೆ ಕಾಣುತ್ತಿದೆ ಎಂದು ಸಂಸ್ಥೆಗೇ ಇಮೇಲ್ ಕಳಿಸಿದ. 2020ರಲ್ಲಿ ಬ್ಯಾಂಕ್ ನಿಯಂತ್ರಕರು 6 ಕೋಟಿ ಡಾಲರ್ ದಂಡ ಹಾಕಿದರು. 2022ರಲ್ಲಿ ಷೇರು ಮಾರುಕಟ್ಟೆ ನಿಯಂತ್ರಕರು ಇನ್ನೂ 3.5 ಕೋಟಿ ಡಾಲರ್ ಹಾಕಿದರು. ಪಾಲುದಾರರು ದುಡ್ಡಿನ ಅಂಕಿಗಳನ್ನು ಬೇಗ ಅರ್ಥ ಮಾಡಿಕೊಳ್ಳುವವರು. ಡಿಸ್ಕ್‌ಗಳು ಲಾರಿ ಹತ್ತಲಿಲ್ಲ.

ಆದರೂ ಅವರಿಗೆ ಒಂದು ಅನುಮಾನ ಉಳಿದಿತ್ತು. ಅಲ್ಲಿದ್ದವು ನಡೆಯುವ ಡಿಸ್ಕ್‌ಗಳು, ಇವು ಕೆಟ್ಟವು. ಕೆಟ್ಟ ಡಿಸ್ಕಿನಿಂದ ಯಾರು ಏನು ಓದುತ್ತಾರೆ?

ಹಾರ್ಡ್ ಡಿಸ್ಕ್ ಒಳಗೆ ಡೇಟಾ ಇರುವುದು ತಟ್ಟೆಗಳ ಮೇಲಿನ ಕಾಂತೀಯ ಪದರದಲ್ಲಿ. ಕೆಡುವುದು ಸಾಮಾನ್ಯವಾಗಿ ಬೇರೆ ಭಾಗಗಳು: ತಟ್ಟೆ ತಿರುಗಿಸುವ ಮೋಟಾರು, ಓದುವ ಹೆಡ್, ಹೊರಗಿನ ಸರ್ಕ್ಯೂಟ್ ಬೋರ್ಡ್, ಇಲ್ಲವೇ ಡಿಸ್ಕ್ ತನ್ನ ಬಳಕೆಗೆ ಇಟ್ಟುಕೊಂಡ ಫರ್ಮ್‌ವೇರ್ (ಡಿಸ್ಕನ್ನು ನಡೆಸುವ ಒಳಗಿನ ಪ್ರೋಗ್ರಾಂ) ಭಾಗ. ಅವೆಲ್ಲ ಸತ್ತರೂ ತಟ್ಟೆಯ ಮೇಲಿನ ಬರಹ ಹಾಗೇ ಇರುತ್ತದೆ. 2003ರ ಫೆಬ್ರವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ವಾತಾವರಣಕ್ಕೆ ಮರಳುವಾಗ ಚೂರುಚೂರಾಯಿತು. ಅದರಲ್ಲಿದ್ದ ಒಂದು ಪ್ರಯೋಗದ ಹಾರ್ಡ್ ಡಿಸ್ಕ್ ಸುಟ್ಟು ಕರಕಲಾಗಿ, ತಿಂಗಳುಗಳ ನಂತರ ಒಣಗಿದ ಕೆರೆಯ ತಳದಲ್ಲಿ ಸಿಕ್ಕಿತು. ಅದರಿಂದ ಸುಮಾರು ಶೇಕಡಾ 99ರಷ್ಟು ಡೇಟಾ ಹೊರತೆಗೆದರು. ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವೂ ಆಯಿತು. ನಮ್ಮ ಕಪಾಟಿನ ಡಿಸ್ಕ್‌ಗಳು ಅದಕ್ಕೆ ಹೋಲಿಸಿದರೆ ಹೊಚ್ಚ ಹೊಸವು.

ಕೆಟ್ಟ ಡಿಸ್ಕಿನ ಪೇಚಾಟವೇ ಇದು. ನಡೆಯುವ ಡಿಸ್ಕನ್ನು ಪುಕ್ಕಟೆ ಸಾಫ್ಟ್‌ವೇರ್‌ನಿಂದ ಅಳಿಸಬಹುದು. ಕೆಟ್ಟ ಡಿಸ್ಕ್ ನಿಮ್ಮ ಮಾತು ಕೇಳುವುದಿಲ್ಲ. ಹಾಗಾಗಿ ನೀವು ಅಳಿಸಲಾರಿರಿ. ಆದರೆ ಸಲಕರಣೆ ಇರುವ ಇನ್ನೊಬ್ಬರು ಓದಬಲ್ಲರು.

ವಿಂಗಡಣೆ

ಎಲ್ಲಕ್ಕೂ ಮುಂಚೆ ಒಂದು ರಿಜಿಸ್ಟರ್ ತೆರೆದೆವು. ಸೀರಿಯಲ್ ನಂಬರ್, ಮಾಡೆಲ್, ಗಾತ್ರ, ಯಾವ ಯಂತ್ರದ್ದು, ಅದರಲ್ಲಿ ಏನಿದ್ದಿರಬಹುದು, ಕೊನೆಗೆ ಏನಾಯಿತು. ಬೇಸರದ ಕೆಲಸ, ಆದರೆ ಮುಂದೆ ಇದೇ ಕೈಹಿಡಿಯಿತು. ಎಂಟು ಡಿಸ್ಕ್‌ಗಳು ಫೈಲ್ ಸರ್ವರ್‌ನವು, ಆರು ಡೆಸ್ಕ್‌ಟಾಪ್‌ನವು, ಮೂರು ಲ್ಯಾಪ್‌ಟಾಪ್‌ನವು, ಎರಡು ಎಸ್‌ಎಸ್‌ಡಿಗಳು, ಅಂದರೆ ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಚಿಪ್‌ಗಳಲ್ಲಿ ಡೇಟಾ ಇಡುವವು.

ಆಮೇಲೆ ನೆಟ್‌ವರ್ಕ್ ತಂತಿ ಕಿತ್ತ ಒಂದು ಲಿನಕ್ಸ್ ಯಂತ್ರಕ್ಕೆ ಒಂದೊಂದನ್ನೇ ಜೋಡಿಸಿ, ಸ್ಮಾರ್ಟ್ ದಾಖಲೆ ಓದಿದೆವು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ ಅದು. ನಾನು ಮುಖ್ಯವಾಗಿ ನೋಡುವುದು ನಾಲ್ಕು ಸಾಲು. 5ನೇ ಸಂಖ್ಯೆ, ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು (ಡಿಸ್ಕಿನಲ್ಲಿ ಡೇಟಾ ಬರೆಯುವ ಸಣ್ಣ ಸಣ್ಣ ಮನೆಗಳು). 197, ಅನುಮಾನದಲ್ಲಿರುವ ಸೆಕ್ಟರ್‌ಗಳು. 198, ಓದಲಾಗದವು. 199, ತಂತಿಯಲ್ಲಿ ಬರುವಾಗ ಹಾಳಾದ ಡೇಟಾ. ಮೊದಲ ಮೂರು ಸೊನ್ನೆ ಇದ್ದು 199 ಮಾತ್ರ ದೊಡ್ಡದಿದ್ದರೆ ಡಿಸ್ಕಿನದು ತಪ್ಪಿಲ್ಲ, ಕೇಬಲ್‌ನದು.

ಹಾಗೆ ಎರಡು ಸಿಕ್ಕವು. ಕೇಬಲ್ ಬದಲಾಯಿಸಿದ್ದರೆ ವರ್ಷಗಟ್ಟಲೆ ನಡೆಯುತ್ತಿದ್ದ ಡಿಸ್ಕ್‌ಗಳು ಸುಮ್ನೆ ಕಪಾಟು ಸೇರಿದ್ದವು. ಇನ್ನೆರಡು ಸರ್ವರ್‌ನಿಂದ ಹೊರಬಿದ್ದವು. ಇವುಗಳ ಕಥೆ ಸ್ವಲ್ಪ ಸ್ವಾರಸ್ಯದ್ದು. ಯಾರೋ ಒಂದು ಕಾಲದಲ್ಲಿ ಉಳಿತಾಯಕ್ಕೆಂದು ಸರ್ವರ್‌ಗೆ ಡೆಸ್ಕ್‌ಟಾಪ್ ಡಿಸ್ಕ್ ಹಾಕಿದ್ದರು. ಇಂಥ ಡಿಸ್ಕ್ ಒಂದು ಸೆಕ್ಟರ್ ಓದಲು ಕಷ್ಟವಾದರೆ ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಕೂಡ ಪ್ರಯತ್ನ ಮಾಡುತ್ತಲೇ ಇರಬಹುದು. ಸರ್ವರ್‌ಗೆಂದೇ ಮಾಡಿದ ಡಿಸ್ಕ್ ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಚೆಲ್ಲಿ, ‘ಆಗಲಿಲ್ಲ’ ಎಂದು ಹೇಳುತ್ತದೆ. ಸರ್ವರ್‌ನಲ್ಲಿ ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೇಡ್ ನಿಯಂತ್ರಕಕ್ಕೆ ನಿಮಿಷಗಟ್ಟಲೆ ಕಾಯುವ ತಾಳ್ಮೆ ಇರುವುದಿಲ್ಲ. ಉತ್ತರ ಬರಲಿಲ್ಲವೆಂದು ಡಿಸ್ಕನ್ನೇ ಸತ್ತಿದೆ ಎಂದು ಹೊರಹಾಕುತ್ತದೆ.

ಉಳಿದ ಲೆಕ್ಕ ಹೀಗೆ. ಏಳು ಡಿಸ್ಕ್‌ಗಳಲ್ಲಿ ನಿಜಕ್ಕೂ ಬ್ಯಾಡ್ ಸೆಕ್ಟರ್ ಇದ್ದವು, ಆದರೆ ಅವು ತಿರುಗುತ್ತಿದ್ದವು, ಕಂಪ್ಯೂಟರಿಗೆ ಗುರುತು ಸಿಗುತ್ತಿತ್ತು. ಆರು ಪೂರ್ತಿ ಸತ್ತಿದ್ದವು: ಕೆಲವು ಕ್ಲಿಕ್ ಕ್ಲಿಕ್ ಎನ್ನುತ್ತಿದ್ದವು, ಕೆಲವು ತಿರುಗಲೇ ಇಲ್ಲ. ಎರಡು ಎಸ್‌ಎಸ್‌ಡಿಗಳನ್ನು ಬೇರೆಯೇ ಇಟ್ಟೆವು.

ಅಳಿಸಲು ಆಗುವುದನ್ನು ಅಳಿಸುವುದು

ಸಿಸ್ಟಮ್ ಹುಡುಗ ಇಲ್ಲೊಂದು ವಾದ ಮುಂದಿಟ್ಟ. ಸರ್ವರ್‌ನ ಡಿಸ್ಕ್‌ಗಳು ರೇಡ್ 5ರಲ್ಲಿದ್ದವು. ಒಂದು ಡಿಸ್ಕಿನಲ್ಲಿ ಫೈಲುಗಳ ತುಂಡುಗಳು ಮಾತ್ರ ಇರುತ್ತವೆ, ಒಂಟಿ ಡಿಸ್ಕಿನಿಂದ ಏನೂ ಸಿಗಲ್ಲ ಅಲ್ವಾ, ಎಂದ. ತುಂಬಾ ಜನ ನಂಬಿರುವ ಮಾತು ಇದು. ತುಂಡಿನ ಗಾತ್ರ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಸಾಮಾನ್ಯವಾಗಿ ಅದು 64ರಿಂದ 512 ಕಿಲೋಬೈಟ್. ಒಂದು ಪತ್ರ, ಒಂದು ಇಮೇಲ್, ಚಿಕ್ಕ ಲೆಕ್ಕದ ಹಾಳೆ, ಗುರುತಿನ ಚೀಟಿಯ ಸ್ಕ್ಯಾನ್ ಪೂರ್ತಿಯಾಗಿ ಒಂದು ತುಂಡಿನೊಳಗೆ ಕೂರುತ್ತದೆ. ಪಾಲುದಾರರ ಒಪ್ಪಿಗೆ ಪಡೆದು ಅಂಥ ಒಂದು ಡಿಸ್ಕಿನಿಂದ ಬರೀ ಅಕ್ಷರಗಳನ್ನು ಹೆಕ್ಕುವ ಆದೇಶ ಕೊಟ್ಟೆ. ಪರದೆಯ ಮೇಲೆ ಗ್ರಾಹಕರ ಹೆಸರು, ಖಾತೆ ಸಂಖ್ಯೆ ಹರಿದು ಬಂದವು. ವಾದ ಅಲ್ಲಿಗೆ ನಿಂತಿತು. ರೇಡ್ 1 ಆಗಿದ್ದರೆ ಕೇಳುವುದೇ ಬೇಡ, ಪ್ರತಿ ಡಿಸ್ಕಿನಲ್ಲೂ ಇಡೀ ನಕಲು ಇರುತ್ತದೆ.

ಫಾರ್ಮ್ಯಾಟ್ ಮಾಡಿದರೆ ಸಾಲದೇ ಎಂಬುದಕ್ಕೂ ಹಳೆಯ ಉತ್ತರವಿದೆ. ಎಂಐಟಿಯ ಇಬ್ಬರು ಸಂಶೋಧಕರು 158 ಹಳೆಯ ಡಿಸ್ಕ್‌ಗಳನ್ನು ಕೊಂಡು ನೋಡಿ 2003ರಲ್ಲಿ ಬರೆದರು. ಓದಲು ಸಿಕ್ಕ 129ರಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಕ್ವಿಕ್ ಫಾರ್ಮ್ಯಾಟ್ ಪುಸ್ತಕದ ವಿಷಯಸೂಚಿ ಹರಿದಷ್ಟೇ, ಪುಟಗಳು ಒಳಗೇ ಇರುತ್ತವೆ.

ಸರಿ, ಹಾಗಾದರೆ ಎಷ್ಟು ಸಲ ಅಳಿಸಬೇಕು? ಹುಡುಗ 35 ಸಲ ಎಂದು ಓದಿದ್ದ. ಆ ಸಂಖ್ಯೆ ಕಂಪ್ಯೂಟರ್ ಭದ್ರತೆಯ ಸಂಶೋಧಕ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದ್ದು. ಅಂದಿನ ಹಳೆಯ ಡಿಸ್ಕ್‌ಗಳು ಬರಹವನ್ನು ಸಂಕೇತಿಸುವ ಬೇರೆ ಬೇರೆ ವಿಧಾನಗಳಿಗೆಲ್ಲ ಸೇರಿಸಿ ಅವರು ಅಷ್ಟು ಬರೆದಿದ್ದರು. ಇಂದಿನ ಡಿಸ್ಕ್‌ಗೆ ಅದು ಬೇಡ ಎಂದು ಮುಂದೆ ಅವರೇ ಹೇಳಿದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ, ಕಾಂತೀಯ ಡಿಸ್ಕಿಗೆ ಒಂದು ಸಲ ಪೂರ್ತಿ ಮೇಲೆ ಬರೆದರೆ ಸಾಮಾನ್ಯವಾಗಿ ಸಾಕು ಎಂದಿತ್ತು. ಲೆಕ್ಕ ಹಾಕಿ ನೋಡಿ. 2 ಟೆರಾಬೈಟ್ ಡಿಸ್ಕಿಗೆ ಸೆಕೆಂಡಿಗೆ 120 ಮೆಗಾಬೈಟ್ ವೇಗದಲ್ಲಿ ಒಂದು ಸುತ್ತಿಗೆ ನಾಲ್ಕೂವರೆ ಗಂಟೆ ದಾಟುತ್ತದೆ. 35 ಸುತ್ತಿಗೆ ಹತ್ತಿರ ಹತ್ತಿರ ಒಂದು ವಾರ. ಮೊದಲೇ ಏದುಸಿರು ಬಿಡುವ ಡಿಸ್ಕ್ ಅರ್ಧ ದಾರಿಯಲ್ಲಿ ಸತ್ತರೆ, ಅಳಿಸಬಹುದಾಗಿದ್ದದ್ದೂ ಅಳಿಸಲಾಗದ ರಾಶಿಗೆ ಸೇರುತ್ತದೆ.

ಬ್ಯಾಡ್ ಸೆಕ್ಟರ್ ಇರುವ ಡಿಸ್ಕಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಡಿಸ್ಕ್ ಒಂದು ಸೆಕ್ಟರನ್ನು ಬದಲಾಯಿಸಿದ ಮೇಲೆ ಹಳೆಯ ಜಾಗ ಸಾಮಾನ್ಯ ಸಾಫ್ಟ್‌ವೇರ್‌ನ ಕಣ್ಣಿಗೆ ಬೀಳುವುದಿಲ್ಲ. ಮೇಲಿಂದ ಎಷ್ಟು ಸಲ ಸೊನ್ನೆ ತುಂಬಿದರೂ ಆ ಹಳೆಯ ತುಣುಕು ಹಾಗೇ ಕೂತಿರುತ್ತದೆ. ಕಂಪ್ಯೂಟರ್ ಮತ್ತು ಡಿಸ್ಕ್ ಮಾತಾಡಿಕೊಳ್ಳುವ ಎಟಿಎ ಮಾನಕದಲ್ಲಿರುವ ಸೆಕ್ಯೂರ್ ಇರೇಸ್ ಆದೇಶ ಡಿಸ್ಕಿನ ಒಳಗಿಂದಲೇ ಅಳಿಸುತ್ತದೆ. ಅದರ ‘ಎನ್‌ಹ್ಯಾನ್ಸ್ಡ್’ ರೂಪ ಬದಲಾಯಿಸಿದ ಸೆಕ್ಟರ್‌ಗಳನ್ನೂ ಬಿಡುವುದಿಲ್ಲ. ಏಳಕ್ಕೂ ಅದನ್ನೇ ಕೊಟ್ಟೆವು. ಐದು ಮುಗಿಸಿದವು, ಎರಡು ಮಧ್ಯದಲ್ಲೇ ಕೈಕೊಟ್ಟವು. ಆ ಎರಡನ್ನು ಸತ್ತವುಗಳ ಜೊತೆ ಸೇರಿಸಿದೆವು.

ಮುಗಿಸಿದ ಐದರಲ್ಲಿ ಒಂದೆರಡಕ್ಕೆ 197ರ ಸಂಖ್ಯೆ ಸೊನ್ನೆಗೆ ಇಳಿಯಿತು. ಹುಡುಗನಿಗೆ ಆಸೆ ಹುಟ್ಟಿತು: ಸರಿಹೋಯ್ತಲ್ಲ ಸರ್, ಬ್ಯಾಕಪ್‌ಗೆ ಬಳಸೋಣ? ನಾನು ಒಪ್ಪಲಿಲ್ಲ. ಒಮ್ಮೆ ಸೆಕ್ಟರ್ ಕಳೆದುಕೊಳ್ಳಲು ಶುರುಮಾಡಿದ ಡಿಸ್ಕಿನ ಮೇಲೆ ಬ್ಯಾಕಪ್ ಇಡುವುದಕ್ಕಿಂತ ಬ್ಯಾಕಪ್ ಇಲ್ಲದಿರುವುದು ವಾಸಿ. ಇಲ್ಲ ಎಂಬುದಾದರೂ ಗೊತ್ತಿರುತ್ತದೆ. ಆ ಐದು ಅಳಿಸಿದ ಸ್ಥಿತಿಯಲ್ಲೇ ಇ-ತ್ಯಾಜ್ಯ ಮರುಬಳಕೆಯವರ ಪೆಟ್ಟಿಗೆಗೆ ಹೋದವು. ಚೆನ್ನಾಗಿದ್ದ ನಾಲ್ಕನ್ನು ಅಳಿಸಿ, ಸ್ಮಾರ್ಟ್‌ನ ದೀರ್ಘ ಪರೀಕ್ಷೆ ನಡೆಸಿ, ಪ್ರಯೋಗಕ್ಕೆ ಬಳಸುವ ಯಂತ್ರಗಳಿಗೆ ಕೊಟ್ಟೆವು.

ಎಸ್‌ಎಸ್‌ಡಿ ಎರಡೇ ಇದ್ದರೂ ಹೆಚ್ಚು ತಲೆ ತಿಂದದ್ದು ಅವೇ. ಒಂದು ಗುರುತೇ ಸಿಗಲಿಲ್ಲ. ಇನ್ನೊಂದು ಜೋಡಿಸಿದ ತಕ್ಷಣ ತೆರೆಯಿತು, ಫೋಲ್ಡರುಗಳೆಲ್ಲ ಕಂಡವು, ಫೈಲುಗಳು ತೆರೆದವು. ಆದರೆ ಒಂದಕ್ಷರ ಬರೆಯಲು ಬಿಡಲಿಲ್ಲ. ಕೆಲವು ಎಸ್‌ಎಸ್‌ಡಿಗಳು ಸವೆದ ಮೇಲೆ ಓದಲು ಮಾತ್ರ ಬಿಡುವ ಸ್ಥಿತಿಗೆ ಹೋಗುತ್ತವೆ. ಡೇಟಾ ಉಳಿಸಿಕೊಳ್ಳಬೇಕಾದವರಿಗೆ ಇದು ವರ. ಅಳಿಸಬೇಕಾದವರಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ: ದಾರಿಯಲ್ಲಿ ಸಿಕ್ಕ ಯಾರು ಬೇಕಾದರೂ ಓದಬಹುದು, ಒಡೆಯನೇ ಅಳಿಸಲಾರ. ಆರೋಗ್ಯವಾಗಿರುವ ಎಸ್‌ಎಸ್‌ಡಿಯಲ್ಲೂ ಅಳಿಸುವ ಆದೇಶವನ್ನು ಕುರುಡಾಗಿ ನಂಬಬಾರದು. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು ಪರೀಕ್ಷಿಸಿದಾಗ, ಒಂದು ಡ್ರೈವ್ ‘ಅಳಿಸಿದೆ’ ಎಂದು ವರದಿ ಕೊಟ್ಟಿತ್ತು, ಡೇಟಾ ಪೂರ್ತಿ ಒಳಗೇ ಇತ್ತು.

ಎರಡು ತಕರಾರಿನ ಡಿಸ್ಕ್‌ಗಳು

ಸತ್ತವುಗಳಲ್ಲಿ ಒಂದಕ್ಕೆ ಚೀಟಿ ಅಂಟಿಸಿತ್ತು: ‘ಎಸೆಯಬೇಡಿ’. ಬರೆದವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಒಳಗಿದ್ದದ್ದು ಒಬ್ಬ ಗ್ರಾಹಕರ ಹಳೆಯ ವರ್ಷಗಳ ಕರಡು ಲೆಕ್ಕ ಎಂದು ಒಬ್ಬರಿಗೆ ನೆನಪಿತ್ತು. ಫ್ರಿಜ್‌ನಲ್ಲಿಟ್ಟು ತೆಗೆದರೆ ನಡೆಯುತ್ತದಂತೆ ಎಂದು ಸಲಹೆಯೂ ಬಂತು. ಬೇಡ ಎಂದೆ. ತಣ್ಣಗಾದ ಡಿಸ್ಕ್ ಹೊರಗೆ ಬಂದರೆ ಒಳಗೆ ತೇವ ಕಟ್ಟುತ್ತದೆ, ಹೆಡ್ ಹಾರುವ ಎತ್ತರ ಕೆಲವೇ ನ್ಯಾನೊಮೀಟರ್, ಉಳಿದದ್ದೂ ಹಾಳು. ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ಹಾಕಿದರೂ ಈಗಿನ ಡಿಸ್ಕ್ ಸುಮ್ಮನೆ ನಡೆಯುವುದಿಲ್ಲ. ಆ ಡಿಸ್ಕಿಗಷ್ಟೇ ಹೊಂದುವ ಮಾಹಿತಿ ಇರುವ ಚಿಪ್ಪನ್ನೂ ವರ್ಗಾಯಿಸಬೇಕು. ನಿಜಕ್ಕೂ ಬೇಕೆಂದರೆ ಕ್ಲೀನ್ ರೂಮ್ (ದೂಳಿಲ್ಲದ ಕೋಣೆ) ಇರುವ ರಿಕವರಿ ಲ್ಯಾಬ್‌ಗೇ ಕಳಿಸಬೇಕು, ಅಲ್ಲಿಯ ತನಕ ಕರೆಂಟು ಕೊಡಬಾರದು. ನಾನು ಪಾಲುದಾರರಿಗೆ ಒಂದೇ ಪ್ರಶ್ನೆ ಕೇಳಿದೆ: ಇಷ್ಟು ವರ್ಷದಲ್ಲಿ ಈ ಲೆಕ್ಕವನ್ನು ಯಾರಾದರೂ ಕೇಳಿದ್ದಾರಾ? ಇಲ್ಲ. ಕಾನೂನಿನಂತೆ ಇಟ್ಟುಕೊಳ್ಳಬೇಕಾದ ಅವಧಿಯೂ ದಾಟಿತ್ತು. ಚೀಟಿ ಕಿತ್ತರು.

ಇನ್ನೊಂದು ಸರ್ವರ್‌ನ 8 ಟೆರಾಬೈಟ್ ಡಿಸ್ಕ್. ಐದು ವರ್ಷದ ವಾರಂಟಿ ಇನ್ನೂ ಮುಗಿದಿರಲಿಲ್ಲ. ಕಳಿಸಿದರೆ ಬದಲಿ ಡಿಸ್ಕ್ ಬರುತ್ತದೆ. ಆದರೆ ಕಳಿಸಿದ ಡಿಸ್ಕ್ ವಾಪಸ್ ಬರುವುದಿಲ್ಲ. ವಾರಂಟಿಯಲ್ಲಿ ಮರಳಿದ ಡಿಸ್ಕ್‌ಗಳನ್ನು ತಯಾರಕರು ಸಾಮಾನ್ಯವಾಗಿ ದುರಸ್ತಿ ಮಾಡಿ ಬೇರೆಯವರಿಗೆ ಬದಲಿಯಾಗಿ ಕೊಡುತ್ತಾರೆ. ಅವರು ಅಳಿಸುತ್ತಾರೆ ಎಂದೇ ಇಟ್ಟುಕೊಳ್ಳೋಣ. ಆದರೂ ಕೊರಿಯರ್, ಗೋದಾಮು, ದುರಸ್ತಿ ಮೇಜು ಎಲ್ಲ ದಾಟಿ ಹೋಗುವುದು ಗ್ರಾಹಕರ ಲೆಕ್ಕ, ಅದೂ ಎನ್‌ಕ್ರಿಪ್ಟ್ ಆಗದೆ, ಅಂದರೆ ಕೀ ಇಲ್ಲದವರೂ ಓದಬಹುದಾದ ರೂಪದಲ್ಲಿ. ಖರೀದಿಯವರಿಗೆ ಹೊಟ್ಟೆ ಉರಿಯಿತು. ಆದರೂ ಕಳಿಸಲಿಲ್ಲ. ದೊಡ್ಡ ಸರ್ವರ್ ಕಂಪನಿಗಳಲ್ಲಿ ಕೆಟ್ಟ ಡಿಸ್ಕನ್ನು ನಾವೇ ಇಟ್ಟುಕೊಂಡು ಬದಲಿ ಪಡೆಯುವ ಯೋಜನೆ ಇರುತ್ತದೆ. ಅದನ್ನು ಕೊಳ್ಳುವಾಗಲೇ ಸೇರಿಸಬೇಕು, ಕೆಟ್ಟ ಮೇಲೆ ಕೇಳಿದರೆ ಆಗುವುದಿಲ್ಲ.

ಒಡೆಯುವುದು

ಉಳಿದದ್ದು ಎಂಟು ಹಾರ್ಡ್ ಡಿಸ್ಕ್, ಎರಡು ಎಸ್‌ಎಸ್‌ಡಿ. ಸುತ್ತಿಗೆಯ ಸರದಿ ಬಂತು. ಹುಡುಗ ಒಂದರ ಮೇಲೆ ಜೋರಾಗಿ ಬಾರಿಸಿದ. ಹೊರಗಿನ ಪೆಟ್ಟಿಗೆ ತಗ್ಗಿತು. ಟಾರ್ಕ್ಸ್ ಟಿ8 ಸ್ಕ್ರೂಡ್ರೈವರ್‌ನಿಂದ ಮುಚ್ಚಳ ಬಿಚ್ಚಿ ನೋಡಿದರೆ ತಟ್ಟೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು.

ತಟ್ಟೆಗೇ ಏಟು ಬೀಳಬೇಕು. ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬಾಗುತ್ತದೆ. ಲ್ಯಾಪ್‌ಟಾಪ್‌ನದು ಹೆಚ್ಚಾಗಿ ಗಾಜು, ಸಿಡಿದು ಪುಡಿಯಾಗುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಅದನ್ನು ಮುಟ್ಟಲೇಬಾರದು. ಒಳಗಿನ ನಿಯೋಡಿಮಿಯಂ ಅಯಸ್ಕಾಂತ ಬೆರಳಿನ ಚರ್ಮ ಹಿಡಿದರೆ ನೆನಪಿರುತ್ತದೆ. ಹೀಲಿಯಂ ತುಂಬಿದ ಡಿಸ್ಕ್‌ಗಳು 2013ರಿಂದ ಬರುತ್ತಿವೆ, ಅವುಗಳ ಮುಚ್ಚಳ ಬೆಸುಗೆ ಹಾಕಿದ್ದು, ಸ್ಕ್ರೂಡ್ರೈವರ್ ನಡೆಯುವುದಿಲ್ಲ. ಸುಡುವುದಂತೂ ಬೇಡವೇ ಬೇಡ, ವಿಷದ ಹೊಗೆ. ಮನೆಯ ಒಂದೆರಡು ಡಿಸ್ಕಿಗೆ ತಟ್ಟೆಗಳ ಮೂಲಕ ಮೂರ್ನಾಲ್ಕು ತೂತು ಕೊರೆಯುವುದು ಸಾಕು. ಗ್ರಾಹಕರ ಡೇಟಾ ಇರುವ ಕಚೇರಿಗೆ ಆ ಸಲಹೆ ಕೊಡಲಾರೆ. ತೂತಿನ ಪಕ್ಕದ ತಟ್ಟೆ ಹಾಗೇ ಉಳಿಯುತ್ತದೆ. ನಾಳೆ ಯಾರಾದರೂ ಕೇಳಿದರೆ ತೋರಿಸಲು ಪುರಾವೆಯೂ ಇರುವುದಿಲ್ಲ.

ಡೀಗಾಸರ್ ಯೋಚನೆ ಬಂತು. ಜೋರಾದ ಕಾಂತಕ್ಷೇತ್ರದಲ್ಲಿ ಡಿಸ್ಕನ್ನು ಹಾಯಿಸುವ ಯಂತ್ರ ಅದು. ಡಿಸ್ಕ್ ನಡೆಯಬೇಕಾಗಿಲ್ಲ ಎಂಬುದು ದೊಡ್ಡ ಅನುಕೂಲ. ಆದರೆ ಹೊಸ ಡಿಸ್ಕ್‌ಗಳ ಕಾಂತೀಯ ಪದರ ಹಳೆಯದರಷ್ಟು ಸುಲಭವಾಗಿ ಅಳಿಯುವುದಿಲ್ಲ, ಹಳೆಯ ಯಂತ್ರದ ಬಲ ಸಾಲದೆ ಹೋಗಬಹುದು. ಅಳಿಸಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಕಾಂತೀಯ ಪದರವೇ ಇಲ್ಲ, ಅದಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ಪುಡಿ ಮಾಡುವುದೇ ಸರಿ ಎಂದು ತೀರ್ಮಾನವಾಯಿತು, ಅದೂ ನಮ್ಮ ಕಣ್ಣೆದುರು.

ಚೂರು ಎಷ್ಟು ಸಣ್ಣದಿರಬೇಕು ಎಂಬುದಕ್ಕೆ ಐಎಸ್‌ಒ/ಐಇಸಿ 21964 ಎಂಬ ಮಾನಕವಿದೆ. ಹಾರ್ಡ್ ಡಿಸ್ಕಿಗೆ ಎಚ್-5 ಹಂತದಲ್ಲಿ ಚೂರಿನ ವಿಸ್ತೀರ್ಣ 320 ಚದರ ಮಿಲಿಮೀಟರ್ ದಾಟಬಾರದು. ಫ್ಲ್ಯಾಶ್ ಚಿಪ್‌ಗೆ ಇ-5 ಹಂತದಲ್ಲಿ 10 ಚದರ ಮಿಲಿಮೀಟರ್. ವ್ಯತ್ಯಾಸ ಯಾಕೆ ಎಂದರೆ, ಬೆರಳಿನ ಉಗುರಿನಷ್ಟು ಚಿಪ್‌ನಲ್ಲಿ ನೂರಾರು ಗಿಗಾಬೈಟ್ ಇರುತ್ತದೆ. ಹಾರ್ಡ್ ಡಿಸ್ಕಿನ ದೊಡ್ಡ ಹಲ್ಲಿನ ಯಂತ್ರದಲ್ಲಿ ಒಂದು ಚಿಪ್ ಇಡಿಯಾಗಿ ಜಾರಿ ಹೊರಬರಬಹುದು. ಪುಡಿ ಮಾಡಲು ಬಂದವರ ಬಳಿ ಮೊದಲು ದೊಡ್ಡ ಯಂತ್ರ ಮಾತ್ರ ಇತ್ತು. ಎಸ್‌ಎಸ್‌ಡಿಗಳನ್ನು ಅದಕ್ಕೆ ಹಾಕಲು ಬಿಡಲಿಲ್ಲ, ಬೇರೆ ದಿನ ಸಣ್ಣ ಹಲ್ಲಿನ ಯಂತ್ರ ತಂದರು.

ಅವರು ಕೊಟ್ಟ ಪ್ರಮಾಣಪತ್ರದಲ್ಲಿ ‘ಹಾರ್ಡ್ ಡಿಸ್ಕ್‌ಗಳು, ಒಟ್ಟು 10’ ಎಂದಷ್ಟೇ ಇತ್ತು. ಯಾವ ಹತ್ತು? ಸೀರಿಯಲ್ ನಂಬರ್ ಇಲ್ಲದ ಪ್ರಮಾಣಪತ್ರ ಬರೀ ತೂಕದ ಚೀಟಿ. ರಿಜಿಸ್ಟರ್ ಮುಂದಿಟ್ಟು, ಹತ್ತೂ ನಂಬರ್ ಬರೆಸಿ, ತಾರೀಖು, ವಿಧಾನ, ಎದುರಿಗಿದ್ದವರ ಸಹಿ ಹಾಕಿಸಿದೆವು. ಚೂರುಗಳು ಅಧಿಕೃತ ಇ-ತ್ಯಾಜ್ಯ ಘಟಕಕ್ಕೆ ಹೋದವು. ಅಲ್ಯೂಮಿನಿಯಂ, ತಾಮ್ರ, ಬೋರ್ಡಿನ ಚೂರು ಚಿನ್ನ ಮತ್ತೆ ಬಳಕೆಗೆ ಸಿಗುತ್ತವೆ.

ಆಮೇಲೆ

ಹೊಸ ಕಟ್ಟಡದಲ್ಲಿ ಎಲ್ಲ ಡಿಸ್ಕ್‌ಗಳನ್ನೂ ಹಾಕುವ ದಿನವೇ ಎನ್‌ಕ್ರಿಪ್ಟ್ ಮಾಡಲಾಯಿತು. ಡೆಸ್ಕ್‌ಟಾಪ್‌ಗಳಿಗೆ ವಿಂಡೋಸ್‌ನ ಬಿಟ್‌ಲಾಕರ್, ಸರ್ವರ್‌ಗೆ ಲಿನಕ್ಸ್‌ನ ಲಕ್ಸ್. ನನ್ನ ಪ್ರಕಾರ ಈ ಪ್ರಕರಣದಲ್ಲಿ ಮಾಡಿದ ಮುಖ್ಯ ಕೆಲಸ ಇದೇ, ಉಳಿದದ್ದೆಲ್ಲ ಇದನ್ನು ಮೊದಲೇ ಮಾಡದಿದ್ದಕ್ಕೆ ತೆತ್ತ ಬಾಡಿಗೆ. ಮಾರ್ಗನ್ ಸ್ಟಾನ್ಲಿಯ ಕೆಲವು ಸರ್ವರ್‌ಗಳಲ್ಲೂ ಎನ್‌ಕ್ರಿಪ್ಶನ್ ಸೌಲಭ್ಯ ಇತ್ತು, ವರ್ಷಗಟ್ಟಲೆ ಯಾರೂ ಆನ್ ಮಾಡಿರಲಿಲ್ಲ. ಒಂದು ಎಚ್ಚರ: ಬೀಗದ ಕೀ ಅದೇ ಡಿಸ್ಕಿನಲ್ಲಿ ಇರಬಾರದು. ಸರ್ವರ್ ತಾನಾಗಿ ತೆರೆದುಕೊಳ್ಳಲೆಂದು ಕೀಯನ್ನು ಪಕ್ಕದಲ್ಲೇ ಬರೆದಿಟ್ಟರೆ ಡಿಸ್ಕ್ ಜೊತೆ ಅದೂ ಹೊರಗೆ ಹೋಗುತ್ತದೆ. ರಿಕವರಿ ಕೀಗಳನ್ನು ಬೇರೆ ಕಡೆ, ಇಬ್ಬರ ವಶದಲ್ಲಿ ಇಟ್ಟರು. ಕೆಲವು ತಿಂಗಳ ಮೇಲೆ ಸರ್ವರ್‌ನ ಒಂದು ಡಿಸ್ಕ್ ಕೆಟ್ಟಿತು. ರಿಜಿಸ್ಟರ್‌ನಲ್ಲಿ ಬರೆದು, ಯೋಚನೆ ಮಾಡದೆ ವಾರಂಟಿಗೆ ಕಳಿಸಿದರು. ಖರೀದಿಯವರಿಗೆ ಸಮಾಧಾನ.

ಕಚೇರಿ ಸಾಗಿಸುವ ದಿನ ಬಾಡಿಗೆಯ ದೊಡ್ಡ ಜೆರಾಕ್ಸ್ ಯಂತ್ರವನ್ನು ಒಯ್ಯಲು ಇಬ್ಬರು ಬಂದಿದ್ದರು. ಇಂಥ ಯಂತ್ರಗಳ ಒಳಗೂ ಹಾರ್ಡ್ ಡಿಸ್ಕ್ ಇರುತ್ತದೆ, ಸ್ಕ್ಯಾನ್ ಮಾಡಿದ ಹಾಳೆಗಳ ನಕಲು ಅದರಲ್ಲಿ ಉಳಿಯಬಹುದು. ಅಮೆರಿಕದ ಒಂದು ಆರೋಗ್ಯ ವಿಮಾ ಸಂಸ್ಥೆ ಅಳಿಸದೆ ವಾಪಸ್ ಕೊಟ್ಟ ಜೆರಾಕ್ಸ್ ಯಂತ್ರಗಳಿಂದಾಗಿ 2013ರಲ್ಲಿ 12 ಲಕ್ಷ ಡಾಲರ್‌ಗಿಂತ ಜಾಸ್ತಿ ಕಟ್ಟಬೇಕಾಯಿತು. ಬಾಡಿಗೆ ಒಪ್ಪಂದದಲ್ಲಿ ಡಿಸ್ಕಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಯಂತ್ರವನ್ನು ಬಾಗಿಲಲ್ಲೇ ನಿಲ್ಲಿಸಿ, ಅದರ ಮೆನುವಿನಲ್ಲಿದ್ದ ಅಳಿಸುವ ಆಯ್ಕೆ ಮುಗಿಯುವ ತನಕ ಅವರನ್ನು ಕೂರಿಸಿ, ವರದಿಯ ಹಾಳೆ ಪ್ರಿಂಟ್ ತೆಗೆದುಕೊಂಡೆವು. ಹೊಸ ಯಂತ್ರದ ಒಪ್ಪಂದದಲ್ಲಿ ಡಿಸ್ಕ್ ನಮ್ಮ ಬಳಿಯೇ ಉಳಿಯಬೇಕು ಎಂಬ ಷರತ್ತು ಸೇರಿಸಿದರು.